ಮಾದಪ್ಪನ ಹಾಡಿಗೆ ಎಷ್ಟನೇ ರ‍್ಯಾಂಕು?

ಒಂದು ಬ್ಯಾಂಡಿನ ಹತ್ತು ಒಳ್ಳೆಯ ಹಾಡುಗಳ ಪಟ್ಟಿ ಮಾಡಲು ಕೂತವರು ಸಾಮಾನ್ಯವಾಗಿ ಎಂಟು, ಒಂಬತ್ತು, ಹತ್ತಕ್ಕೆ ಬಂದಾಗ ತಿಣುಕುತ್ತಾರೆ. ನಮ್ಮ ಮನೆಯಲ್ಲಿ ಮೊದಲನೆಯದಕ್ಕೇ ಗಾಡಿ ನಿಂತುಬಿಟ್ಟಿದೆ. ಬ್ಯಾಂಡು ರಘು ದೀಕ್ಷಿತ್ ಪ್ರಾಜೆಕ್ಟ್. ಜಗಳ ಆಡುವವರು ಚನ್ನಪಟ್ಟಣದ ನಾನು ಮತ್ತು ಬೆಂಗಳೂರು ಸೇರಿರುವ ನನ್ನ ಅಕ್ಕನ ಮಗ. ಅವನು ರಾಕ್ ಕೇಳಿ ಬೆಳೆದವನು. ಹಾಡು ಶುರುವಾದರೆ ಕಣ್ಣು ಮುಚ್ಚಿ, ಇಲ್ಲದ ಗಿಟಾರನ್ನು ಹೊಟ್ಟೆಯ ಮೇಲೆ ಮೀಟುತ್ತಾನೆ. ಅವನ ಪಟ್ಟಿಯಲ್ಲಿ ಮೊದಲಿಗೆ ‘ಮೈಸೂರ್ ಸೆ ಆಯಿ’. ನನ್ನ ಪಟ್ಟಿಯಲ್ಲಿ ಮೊದಲಿಗೆ 2008ರ ‘ಸೈಕೋ’ ಸಿನಿಮಾದ ಮಹದೇಶ್ವರನ, ಅಂದರೆ ಮಾದಪ್ಪನ, ಹಾಡು.

“ಅದು ಬ್ಯಾಂಡಿನ ಹಾಡೇ ಅಲ್ಲ ಮಾಮ, ಸಿನಿಮಾ ಹಾಡು. ಅದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗೇ ಇಲ್ಲ” ಅಂತ ಅವನ ಮೊದಲ ತಕರಾರು.

ನಿಯಮದ ಪ್ರಕಾರ ಅವನ ಮಾತು ಸರಿಯೇ. ಸಿನಿಮಾಕ್ಕೆ ಸಂಗೀತ ಕೊಟ್ಟದ್ದು ರಘು ದೀಕ್ಷಿತ್, ಹಾಡಿದ್ದೂ ಅವರೇ, ಆದರೆ ಕ್ಯಾಸೆಟ್ಟಿನ ಮೇಲೆ ಬ್ಯಾಂಡಿನ ಹೆಸರಿಲ್ಲ. ಆದರೆ ಈ ಬ್ಯಾಂಡಿನ ವಿಷಯದಲ್ಲಿ ನಿಯಮ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ವೇದಿಕೆ ಮೇಲೆ ಬಣ್ಣಬಣ್ಣದ ಲುಂಗಿ, ಹಾಡುವವನ ಕಾಲಿಗೆ ಗೆಜ್ಜೆ, ಪಕ್ಕದಲ್ಲಿ ಪಿಟೀಲು, ಹಿಂದೆ ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು, ಬಾಯಲ್ಲಿ ಶಿಶುನಾಳ ಶರೀಫ. ಇದನ್ನು ಕೆಲವರು ಫೋಕ್ ರಾಕ್ ಅಂದರು, ಕೆಲವರು ಫ್ಯೂಷನ್ ಅಂದರು, ಆಲ್ಟರ್ನೇಟಿವ್ ಅಂದವರೂ ಉಂಟು. ಅಂಗಡಿಯವನಿಗೆ ಯಾವ ಕಪಾಟಿನಲ್ಲಿ ಇಡಬೇಕೆಂದು ಗೊತ್ತಾಗದ ಮಾಲಿಗೆಲ್ಲ ಆ ಕೊನೆಯ ಹೆಸರು ಒಗ್ಗುತ್ತದೆ.

ಆ ಮನುಷ್ಯ ಗಿಟಾರ್ ಹಿಡಿದ ಕಥೆಯೂ ನಿಯಮದ ಕಥೆಯಲ್ಲ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿಗೆ ಚಿನ್ನದ ಪದಕ, ಜೊತೆಗೆ ಭರತನಾಟ್ಯದ ಕಲಿಕೆ. ಗಂಡುಹುಡುಗ ಗೆಜ್ಜೆ ಕಟ್ಟುತ್ತಾನೆಂದು ಜೊತೆಯ ಹುಡುಗನೊಬ್ಬ ಹಂಗಿಸಿದ. ಮಾತಿಗೆ ಮಾತು ಬೆಳೆದು ಪಂಥವಾಯಿತು: ನಾನು ಗಿಟಾರ್ ಕಲಿಯುತ್ತೇನೆ, ನೀನು ನಾಟ್ಯ ಕಲಿ. ಹಂಗಿಸಿದವನು ಗೆಜ್ಜೆ ಕಟ್ಟಿದ ಸುದ್ದಿ ಎಲ್ಲೂ ಕೇಳಿಲ್ಲ. ಇವರು ಮಾತ್ರ ಗಿಟಾರ್ ಹಿಡಿದರು, ಗೆಜ್ಜೆಯನ್ನೂ ಬಿಡಲಿಲ್ಲ. ಮೊದಲು ‘ಅಂತರಾಗ್ನಿ’ ಅಂತ ಬ್ಯಾಂಡು ಕಟ್ಟಿದರು, ಅದು ಚದುರಿತು. ಆಮೇಲೆ ಈ ಪ್ರಾಜೆಕ್ಟು. 2008ರಲ್ಲಿ ಹಿಂದಿ ಸಿನಿಮಾದ ವಿಶಾಲ್–ಶೇಖರ್ ಜೋಡಿ ತಮ್ಮ ಕಂಪನಿಯಿಂದ ಇವರ ಮೊದಲ ಆಲ್ಬಂ ತಂದರು. 2010ರಲ್ಲಿ ಇಂಗ್ಲೆಂಡಿನ ಜೂಲ್ಸ್ ಹಾಲಂಡ್ ಟೀವಿ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ. ಇದಿಷ್ಟೂ ಅಳಿಯನಿಗೆ ಬಾಯಿಪಾಠ. ಪ್ರಶಸ್ತಿ ಬಂದ ಮೇಲೆ ಕೇಳಲು ಶುರು ಮಾಡಿದವನು ಅವನು ಅಂತ ನನ್ನ ಗುಮಾನಿ.

ಮೊದಲ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದಗಳಿವೆ, ಗುಡುಗುಡಿಯದು ಮತ್ತು ಸೋರುವ ಮಾಳಿಗೆಯದು. ಇವುಗಳ ಬಗ್ಗೆ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು, ಯಾಕೆಂದರೆ ನನ್ನ ವಯಸ್ಸಿನವರಿಗೆ ಶರೀಫ ಅಂದರೆ ಸಿ. ಅಶ್ವಥ್. 1990ರಲ್ಲಿ ಶರೀಫರ ಬಗ್ಗೆ ನಾಗಾಭರಣರ ಸಿನಿಮಾ ಬಂದ ಮೇಲಂತೂ ಆ ಪದಗಳನ್ನು ಬೇರೆ ದನಿಯಲ್ಲಿ ಯೋಚಿಸುವುದೇ ಕಷ್ಟವಾಯಿತು. ಮಾಳಿಗೆಯ ಪದದಲ್ಲಿ ನನ್ನ ಓಟು ಇವತ್ತಿಗೂ ಅಶ್ವಥ್ ಅವರಿಗೇ. ಅವರು ಆ ಸೋರುವ ಸೂರಿನ ಕೆಳಗೆ ರಾತ್ರಿಯೆಲ್ಲ ಪಾತ್ರೆ ಇಟ್ಟುಕೊಂಡು ಕೂತ ಮನೆಯೊಡೆಯನ ಹಾಗೆ ಹಾಡುತ್ತಾರೆ. ರಘು ಹಾಡುವಾಗ ಮಳೆ ಚೆನ್ನಾಗಿದೆ ಅನ್ನಿಸುತ್ತದೆ, ಮನೆ ಸೋರುತ್ತಿರುವುದು ಮರೆತುಹೋಗುತ್ತದೆ. ಆದರೆ ಗುಡುಗುಡಿಯ ಪದದಲ್ಲಿ ಲೆಕ್ಕ ತಿರುಗಿತು. ಅದು ತತ್ವಪದ, ದೇಹವನ್ನೇ ಹುಕ್ಕಾ ಮಾಡಿ ಹೇಳಿದ್ದು. ಆದರೂ ಅದರೊಳಗೆ ಒಬ್ಬ ಕಿಡಿಗೇಡಿ ಕೂತಿದ್ದಾನೆ. ಭಜನೆಯ ಗಾಂಭೀರ್ಯದಲ್ಲಿ ಹಾಡಿದರೆ ಅವನು ಅಡಗಿಕೊಳ್ಳುತ್ತಾನೆ. ಡ್ರಮ್ಮು, ಬೇಸ್ ಗಿಟಾರು ಬಂದು ಕಾಲು ಕುಣಿಸಿದಾಗ ಹೊರಗೆ ಬರುತ್ತಾನೆ. 1889ರಲ್ಲಿ ತೀರಿಕೊಂಡ ಶರೀಫರು ಇದನ್ನು ಕೇಳಿದ್ದರೆ ಬೈಯುತ್ತಿದ್ದರೆಂದು ನನಗೇನೂ ಅನ್ನಿಸುವುದಿಲ್ಲ. 2013ರ ‘ಜಗ್ ಚಂಗಾ’ ಆಲ್ಬಮ್ಮಿನ ‘ಲೋಕದ ಕಾಳಜಿ’ಯೂ ಶರೀಫರದೇ. ಕಾಲೇಜು ಹುಡುಗರು ತೋಳೆತ್ತಿ ಹಾಡುವುದು ಅದನ್ನು. ಅದೂ ಒಳ್ಳೆಯದೇ, ಆದರೆ ಅತಿ ಬೇಗ ಎಲ್ಲರಿಗೂ ಹಿಡಿಸಿಬಿಡುತ್ತದೆ. ಅಂಥ ಹಾಡಿನ ಮೇಲೆ ನನಗೆ ಸ್ವಲ್ಪ ಅನುಮಾನ.

‘ಹೇ ಭಗವಾನ್’, ‘ಅಂಬರ್’, ‘ಖಿಡ್ಕಿ’ ಇವೆಲ್ಲ ಹಿಂದಿಯವು. ‘ಖಿಡ್ಕಿ’ ಚೆನ್ನಾಗಿದೆ. ಇಂಗ್ಲಿಷಿನ ಪ್ರೇಮಗೀತೆಯೊಂದಿದೆ, ಅದನ್ನು ಅಳಿಯನ ಮದುವೆಗೆ ಬಿಟ್ಟುಕೊಟ್ಟಿದ್ದೇನೆ. ಪಟ್ಟಿ ತುಂಬಲಿಲ್ಲವೆಂದು ಅವನು ರಘು ಅವರ ತಮ್ಮ ವಾಸು ದೀಕ್ಷಿತರ ‘ಸ್ವರಾತ್ಮ’ ಬ್ಯಾಂಡಿನ ‘ಈ ಭೂಮಿ’ಯನ್ನು ಒಳಗೆ ತೂರಿಸಲು ನೋಡಿದ. ಸಿನಿಮಾ ಹಾಡು ಬೇಡ ಅಂದವನು ತಮ್ಮನ ಬ್ಯಾಂಡನ್ನು ತರಬಹುದೋ?

ಮೊದಲೆಲ್ಲ ಈ ವಾದ ಕಾರಿನಲ್ಲಿ ನಡೆಯುತ್ತಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತು, ರಾಮನಗರದ ಬಂಡೆಗಳನ್ನು ಬಲಕ್ಕೆ ಬಿಟ್ಟು, ಜಾನಪದ ಲೋಕದ ಮುಂದೆ ನಿಧಾನ ಮಾಡಿ ಚನ್ನಪಟ್ಟಣ ಮುಟ್ಟುವಷ್ಟರಲ್ಲಿ ಆಲ್ಬಂ ಪೂರ್ತಿ ಮುಗಿದು, ಒಂದೆರಡು ಹಾಡು ಎರಡನೇ ಸಲ ಬಂದಿರುತ್ತಿದ್ದವು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಊರುಗಳೆಲ್ಲ ಬೈಪಾಸ್ ಆದವು. ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಬ್ರೇಕ್ ಒತ್ತುವವರು ಕಮ್ಮಿಯಾದರು. “ಈಗ ಕೆಂಗೇರಿ ದಾಟಿದ್ರೆ ಊರು ಬಂದ್ಬಿಡ್ತದೆ ಮಾಮ, ಪಟ್ಟಿ ಮುಗಿಯೋದೇ ಇಲ್ಲ” ಅನ್ನುತ್ತಾನೆ ಅಳಿಯ. ಹಾಡು ಕೇಳಲು ಹೆದ್ದಾರಿಗಿಂತ ಹಂಪು ಒಳ್ಳೆಯದು. ಇದರಲ್ಲಿ ನಾವಿಬ್ಬರೂ ಒಂದೇ.

ಅವನು ಒಮ್ಮೆ ನನ್ನನ್ನು ಕೆಣಕಿದ: ರಾಕ್‌ಗೂ ನಮ್ಮ ಸೀಮೆಗೂ ಏನು ಸಂಬಂಧ, ಚನ್ನಪಟ್ಟಣ ಅಂದರೆ ಹಾಲೆ ಮರದ ಬೊಂಬೆ, ರಾಮನಗರ ಅಂದರೆ ರೇಷ್ಮೆ ಗೂಡು, ಅಷ್ಟೇ ತಾನೆ? ನಾನು ತಂತಿಯ ಸಂಬಂಧ ಅಂದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲೆಲ್ಲ ತಿರುಗಿ ಬರೆದುಕೊಂಡು ಹೋದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ಗಮನವಿಟ್ಟು ನೋಡಿದ್ದು ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಯನ್ನು. ಇಲ್ಲಿ ಎಳೆದ ತಂತಿಗೆ ಭಾರಿ ಹೆಸರಿತ್ತು, ದೂರದೂರದ ಸೀಮೆಗಳಿಗೆ ಹೋಗುತ್ತಿತ್ತು. ಕಬ್ಬಿಣಕ್ಕೆ ಪಕ್ಕದಲ್ಲೇ ಮಾಗಡಿ ಇತ್ತು. ಅಲ್ಲಿಯ ಘಟ್ಟಿಪುರದ ಕಡೆ ಅದಿರು ಕರಗಿಸಿ, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿರೆಲೆ ಹಾಕಿ ಬಾಯಿ ಮುಚ್ಚಿ ಕಾಯಿಸಿದರೆ ಉಕ್ಕು. ಗಿಡದ ಇಂಗಾಲ ಕಬ್ಬಿಣಕ್ಕೆ ಹೋಗಿ ಗಟ್ಟಿಯಾಗುವುದು ಇದರ ಗುಟ್ಟು. ಮೆತ್ತನೆಯ ಕಬ್ಬಿಣದ ತಂತಿಯನ್ನು ಬಿಗಿದರೆ ಶ್ರುತಿ ನಿಲ್ಲುವುದಿಲ್ಲ, ಜಗ್ಗುತ್ತದೆ. ಉಕ್ಕು ಮಾತ್ರ ಆ ಎಳೆತ ತಡೆದುಕೊಂಡು ನಾದ ಕೊಡುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಇದು ಇನ್ನೂ ಬೇಕು, ಅಲ್ಲಿ ತಂತಿಯ ಕೆಳಗೆ ಅಯಸ್ಕಾಂತ ಇರುತ್ತದೆ. ಉಕ್ಕಿನ ತಂತಿ ಅದರ ಮೇಲೆ ನಡುಗಿದರೇನೇ ಸದ್ದು, ಕರುಳಿನದೋ ನೈಲಾನಿನದೋ ಕಟ್ಟಿದರೆ ಗಿಟಾರು ಮೂಗ. ಅಳಿಯ ಇಷ್ಟನ್ನೂ ಕೇಳಿ, “ಹಂಗಾದ್ರೆ ನಮ್ಮೂರಲ್ಲಿ ಗಿಟಾರ್ ತಂತಿ ಸಿಗ್ತದಾ?” ಅಂದ. ಸಿಗುವುದಿಲ್ಲ. ಬೊಂಬೆ ಗಿಟಾರು ಸಿಗುತ್ತದೆ, ಅರಗಿನ ಬಣ್ಣದ್ದು.

ಇಷ್ಟಾದರೂ ಅವನ ಮೂಲ ಪ್ರಶ್ನೆ ಹಾಗೇ ಇದೆ. ಸಿನಿಮಾದ ಆ ಒಂದು ಹಾಡು ಯಾಕೆ ಮೊದಲು?

ಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ಸಾತನೂರು, ಕನಕಪುರ, ದೊಡ್ಡಆಲಹಳ್ಳಿ ಕಡೆ ಹೋದವರಿಗೆ ಉತ್ತರ ಗೊತ್ತು. ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟವರು ರಸ್ತೆಯ ತುಂಬ. ಹೆಗಲಿಗೆ ಚೀಲ, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ, ಅಲ್ಲಲ್ಲಿ ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಅನ್ನ ಕೊಡುವವರು. ಮಾಗಡಿ, ರಾಮನಗರ ಹಾದುಬಂದ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದವರೆಗೆ ನಡೆದು, ಹಗ್ಗ ಹಿಡಿದು ಹೊಳೆ ದಾಟಿ, ಕಾಡಿನೊಳಗೆ ಬಿದ್ದು ಹನೂರು ಸೀಮೆ ಸೇರುತ್ತಾರೆ. ಜೊತೆಗೆ ಒಂದೊಂದು ಗುಂಪಿಗೆ ಒಂದೊಂದು ಟ್ರ್ಯಾಕ್ಟರು, ಅದರ ಮೇಲೆ ಸ್ಪೀಕರು. ‘ಉಘೇ ಮಾದಪ್ಪ’ ಅನ್ನುವ ಕೂಗಿನ ನಡುವೆ ಆ ಟ್ರ್ಯಾಕ್ಟರಿನಿಂದ ನಾನು ಕೇಳಿದ್ದು ರಘು ದೀಕ್ಷಿತರ ದನಿ. ಯುವಕನೊಬ್ಬನನ್ನು ಕೇಳಿದೆ, ಯಾರಪ್ಪಾ ಇದನ್ನು ಹಾಡಿರೋದು? “ಯಾರೋ ಗೊತ್ತಿಲ್ಲ ಅಣ್ಣ, ಮಾದಪ್ಪನ ಹಾಡು” ಅಂದ. ಸಿನಿಮಾ ಹೆಸರು? ಅದೂ ಗೊತ್ತಿಲ್ಲ.

ಗ್ಲಾಸ್ಟನ್‌ಬರಿಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಬ್ಯಾಂಡಿನ ಹೆಸರು ಗೊತ್ತಿತ್ತು. ಇಲ್ಲಿ ಹೆಸರು ಕಳಚಿ ಬಿದ್ದಿದೆ, ಹಾಡು ಮಾತ್ರ ನಡೆದುಕೊಂಡು ಹೋಗುತ್ತಿದೆ. ಹಾಗೆ ಆಗುವುದು ಒಂದು ಬ್ಯಾಂಡಿನ ಬದುಕಿನಲ್ಲಿ ಒಂದೇ ಸಲವೋ ಏನೋ. ಹೆಚ್ಚಿನ ಬ್ಯಾಂಡುಗಳಿಗೆ ಅದೂ ಆಗುವುದಿಲ್ಲ.

ಮಾದಪ್ಪನ ಹಾಡುಗಳ ಸಾಲೂ ಸಣ್ಣದಲ್ಲ. ರಾತ್ರಿಯಿಡೀ ಕಾವ್ಯ ಹಾಡುವ ದೇವರಗುಡ್ಡರು ಇದ್ದಾರೆ, ಕೈಯಲ್ಲಿ ಕಂಸಾಳೆ. ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ಬಡಿಯುವಾಗ ಹುಟ್ಟುವ ಆ ಕಂಚಿನ ಸದ್ದಿಗೆ ಸಾಟಿಯಾಗುವ ಡ್ರಮ್ ಸೆಟ್ಟನ್ನು ನಾನಿನ್ನೂ ಕಂಡಿಲ್ಲ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು, ಇಂಥವರ ದನಿಗಳನ್ನೆಲ್ಲ ಧ್ವನಿಮುದ್ರಿಸಿ ಇಟ್ಟುಹೋದರು. ಇದೇ ಸಾಲಿನ ‘ಕೋಲುಮಂಡೆ’ 1996ರ ‘ಜನುಮದ ಜೋಡಿ’ಯಲ್ಲಿ ಬಂತು, ಜನ ಒಪ್ಪಿದರು, 2020ರಲ್ಲಿ ರಾಪ್ ಆಗಿ ಬಂದಾಗ ವೀಡಿಯೊದಲ್ಲಿ ಹಾಡಿನ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು, ಗಾಯಕ ಕ್ಷಮೆ ಕೇಳಬೇಕಾಯಿತು. ‘ಸೋಜುಗಾದ ಸೂಜುಮಲ್ಲಿಗೆ’ 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ಕ್ಕೆ ಹೋಗಿ ಮತ್ತೆ ಎಲ್ಲರ ಫೋನಿಗೆ ಬಂತು. ಮಾದಪ್ಪನ ಒಕ್ಕಲು ಗಿಟಾರು ಬೇಡ ಅನ್ನುವವರಲ್ಲ, ಆದರೆ ಯಾವುದನ್ನು ಟ್ರ್ಯಾಕ್ಟರಿಗೆ ಹತ್ತಿಸಬೇಕು, ಯಾವುದನ್ನು ಇಳಿಸಬೇಕು ಅನ್ನುವುದನ್ನು ಅವರೇ ತೀರ್ಮಾನ ಮಾಡುತ್ತಾರೆ.

ಅಳಿಯ ಇದನ್ನೆಲ್ಲ ಒಪ್ಪಿದ ಅಂದುಕೊಳ್ಳಬೇಡಿ. “ಜಾಸ್ತಿ ಜನ ಕೇಳಿದ್ದೇ ಒಳ್ಳೇದಾದ್ರೆ ಪಟ್ಟಿ ಯಾಕೆ ಬೇಕು ಮಾಮ? ಯೂಟ್ಯೂಬ್ ಲೆಕ್ಕ ನೋಡಿದ್ರೆ ಸಾಕಲ್ಲ” ಅಂದ. ಹುಡುಗ ಚುರುಕು. ಕೇಳುವುದು ಬೇರೆ, ಹಾಕಿಕೊಂಡು ಮೈಲಿಗಟ್ಟಲೆ ನಡೆಯುವುದು ಬೇರೆ ಅಂದೆ. ಅದಕ್ಕವನು, ನಡೆಯುವವರು ದೇವರಿಗಾಗಿ ನಡೆಯುತ್ತಾರೆ, ಹಾಡಿಗಾಗಿ ಅಲ್ಲ ಅಂದ. ಅಲ್ಲಿಗೆ ನನ್ನ ಬಳಿ ಉತ್ತರ ಮುಗಿದಿತ್ತು. ಆದರೂ ಪಟ್ಟಿ ಬದಲಿಸಲಿಲ್ಲ: ಮೊದಲು ಮಾದಪ್ಪ, ಆಮೇಲೆ ಗುಡುಗುಡಿ, ಮೂರನೆಯದು ‘ಖಿಡ್ಕಿ’, ನಾಲ್ಕನೆಯದು ಅವನ ಒತ್ತಾಯಕ್ಕೆ ‘ಲೋಕದ ಕಾಳಜಿ’. ‘ಮೈಸೂರ್ ಸೆ ಆಯಿ’ ಐದನೆಯದು. ಮೈಸೂರಿನವರು ಬೈದುಕೊಳ್ಳಲಿ, ಅವರಿಗೂ ಈಗ ನಮ್ಮೂರಿನ ಒಳಗೆ ಬರುವ ಕೆಲಸವಿಲ್ಲ.