ಜೋಡಿ ತಪ್ಪಿದ ಪಿಸ್ಟನ್

ಇಂಜೆಕ್ಷನ್ ಸೂಜಿ ಎಂದರೆ ತುದಿಯನ್ನು ಓರೆಯಾಗಿ ಅರೆದು ಹರಿತಗೊಳಿಸಿದ, ಒಳಗೆ ಟೊಳ್ಳಾದ ಸಣ್ಣ ಉಕ್ಕಿನ ಕೊಳವೆ. ಮೈಯೊಳಗೆ ಅದು ಇರುವುದು ಕೆಲವೇ ಸೆಕೆಂಡು. ಹೊರಬಂದ ಮೇಲೆ ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ವಯಸ್ಸು ಕಡಿಮೆ. ಸೂಜಿಯ ಮೊದಲ ನೂರು ವರ್ಷ ಆ ಪ್ರಶ್ನೆ ಏಳಲೇ ಇಲ್ಲ. ಅದನ್ನು ಎಸೆಯುವ ರೂಢಿಯೇ ಇರಲಿಲ್ಲ.

ಡಬ್ಲಿನ್‌ನ ಫ್ರಾನ್ಸಿಸ್ ರಿಂಡ್ 1844ರಲ್ಲಿ ಟೊಳ್ಳು ಸೂಜಿಯಿಂದ ಚರ್ಮದಡಿಗೆ ಔಷಧ ಇಳಿಸಿದ. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಲಿಯೋನ್ ನಗರದ ಶಾರ್ಲ್ ಪ್ರವಾಜ್ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಅದಕ್ಕೆ ಸಿರಿಂಜು ಹೂಡಿದರು. ಬೊಂಬಾಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದೂ ಅದೇ ವರ್ಷ. ರೈಲಿಗೆ ಜನ ಬೇಗ ಒಗ್ಗಿಕೊಂಡರು, ಸೂಜಿಗೆ ಇನ್ನೂ ಒಗ್ಗಿಲ್ಲ.

ಆ ಶತಮಾನದ ಕೊನೆಗೆ ಪೂರ್ತಿ ಗಾಜಿನ ಸಿರಿಂಜು ಬಂತು. ಅದರ ಪಿಸ್ಟನ್ನನ್ನು ಅದರದೇ ಕೊಳವೆಗೆ ಅರೆದು ಹೊಂದಿಸುತ್ತಿದ್ದರು. ರಬ್ಬರಿಲ್ಲ, ವಾಷರಿಲ್ಲ, ಗಾಜಿಗೆ ಗಾಜೇ ಬಿಗಿ. ಹಾಗಾಗಿ ಒಂದರ ಪಿಸ್ಟನ್ ಇನ್ನೊಂದರ ಕೊಳವೆಗೆ ಕೂರದು. ಒಂದೋ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಔಷಧ ಹಿಂದಕ್ಕೆ ಸೋರುತ್ತದೆ. ಇದಕ್ಕಾಗಿಯೇ ಎರಡರ ಮೇಲೂ ಒಂದೇ ಸಂಖ್ಯೆ ಕೆತ್ತುವ ಪದ್ಧತಿ ಬೆಳೆಯಿತು. ಕುದಿಯುವ ನೀರಿನಿಂದ ಚಿಮಟದಲ್ಲಿ ಒಂದೊಂದೇ ಭಾಗ ಎತ್ತಿ, ಆವಿಯಲ್ಲಿ ಕಣ್ಣು ಕಿರಿದಾಗಿಸಿ, ಸಂಖ್ಯೆಗೆ ಸಂಖ್ಯೆ ಕೂಡಿಸುವುದು ಕಾಂಪೌಂಡರ್ ಕೆಲಸ. ಮದುವೆ ಛತ್ರದ ಬಾಗಿಲಲ್ಲಿ ತಮ್ಮ ಚಪ್ಪಲಿ ಹುಡುಕುವವರಿಗಿರುವ ಶ್ರದ್ಧೆ ಅದಕ್ಕೆ ಬೇಕಿತ್ತು. ಎಲ್ಲಿಗೂ ಹೊಂದುವ ಪಿಸ್ಟನ್‌ಗಳು ಮುಂದೆ ಬಂದವು; ಕೂಡಿಸುವ ವಿದ್ಯೆ ಅಲ್ಲಿಗೆ ಮುಗಿಯಿತು.

ಸೂಜಿಗೂ ದೀರ್ಘಾಯುಷ್ಯವಿತ್ತು. ಮೊಂಡಾದರೆ ಸಾಣೆಕಲ್ಲಿಗೆ ಉಜ್ಜುತ್ತಿದ್ದರು. ತುದಿ ಕೊಕ್ಕೆಯಾಗಿದೆಯೇ ಎಂದು ತಿಳಿಯಲು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದರು. ಎಳೆ ಸಿಕ್ಕಿಕೊಂಡರೆ ಮತ್ತೆ ಸಾಣೆ. ರಂಧ್ರ ಕಟ್ಟದಿರಲೆಂದು ಒಳಗೊಂದು ತೆಳು ತಂತಿ ತೂರಿಸಿ ಇಡುತ್ತಿದ್ದರು. ಅಡುಗೆಮನೆಯ ಈಳಿಗೆಮಣೆಗೆ ಸಲ್ಲುವ ಗೌರವವೇ ಅದಕ್ಕೂ ಸಲ್ಲುತ್ತಿತ್ತು.

ಈ ಲೇಖಕನ ಮನೆಯಲ್ಲಿ ಅಂಥ ಒಂದು ಜೋಡಿ ಇತ್ತು. ಸಕ್ಕರೆ ಕಾಯಿಲೆಯ ಅಜ್ಜನ ಇನ್ಸುಲಿನ್ ಸಿರಿಂಜು ಅದು, ಸಂಖ್ಯೆ 417. ಅದನ್ನು ಕುದಿಸಲು ಬೇರೆಯೇ ಪಾತ್ರೆ. ಆ ಪಾತ್ರೆಯಲ್ಲಿ ಹಾಲು ಕಾಯಿಸಿದ ಸೊಸೆಗೆ ಆದ ಮಂಗಳಾರತಿ ಮನೆಯ ಇತಿಹಾಸದಲ್ಲಿ ಸೇರಿದೆ. ಒಂದು ಬೆಳಿಗ್ಗೆ ಕೊಳವೆ ಜಾರಿ ಒಡೆಯಿತು, ಪಿಸ್ಟನ್ ಉಳಿಯಿತು. ಯಾವ ಕೆಲಸಕ್ಕೂ ಬಾರದ ಆ ಗಾಜಿನ ಕಡ್ಡಿಯನ್ನು ಅಜ್ಜಿ ಬಿಸಾಡಲು ಬಿಡಲಿಲ್ಲ. "ನಂಬರು ಇರೋ ಸಾಮಾನು, ಎಸೀಬಾರದು" ಎಂದು ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದಳು.

ಈ ಮಮತೆಯ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು. ಮನೆಯಲ್ಲಿ ಒಂದು ಸಿರಿಂಜು ಒಬ್ಬನದು. ದವಾಖಾನೆಯಲ್ಲಿ ಅದೇ ಸಿರಿಂಜು ಊರಿನದು. ಕ್ಯೂ ಬೆಳೆದ ದಿನ ಕುದಿಸುವ ಹೊತ್ತು ಕಿರಿದಾಗುತ್ತಿತ್ತು. ಸೂಜಿಯ ಟೊಳ್ಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದರೂ ಒಬ್ಬರ ಕಾಮಾಲೆ ಇನ್ನೊಬ್ಬರಿಗೆ ದಾಟಲು ಸಾಕು. ಹೆಪಟೈಟಿಸ್ ಬಿ ವೈರಸ್ಸು ಮೈಯ ಹೊರಗೆ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಜೀವ ಹಿಡಿದಿರುತ್ತದೆ.

ನ್ಯೂಜಿಲೆಂಡಿನ ಕಾಲಿನ್ ಮರ್ಡಾಕ್ 1956ರಲ್ಲಿ ಪ್ಲಾಸ್ಟಿಕ್ ಸಿರಿಂಜಿಗೆ ಪೇಟೆಂಟ್ ಪಡೆದ. ಒಮ್ಮೆ ಬಳಸು, ಎಸೆ ಎಂಬುದೇ ಅದರ ಧರ್ಮ. ಎಸೆಯಲು ಮನಸ್ಸು ಬಾರದವರಿಗಾಗಿ, ಒಂದು ಸಲ ಒತ್ತಿದ ಮೇಲೆ ಪಿಸ್ಟನ್ ತಾನೇ ಲಾಕ್ ಆಗುವ ಸಿರಿಂಜುಗಳೂ ಬಂದವು; ಲಸಿಕೆಗೆ ಅವನ್ನೇ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು 1999ರಲ್ಲಿ ಕರೆಕೊಟ್ಟವು. ಆದರೂ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು. ಎಸೆದದ್ದು ಗುಜರಿಗೆ ಹೋಗಿ, ತೊಳೆಸಿಕೊಂಡು ತಿರುಗಿ ಬರಬಹುದು ಎಂಬ ಭಯಕ್ಕೆ ಆಮೇಲೆ ಪುರಾವೆ ಬೇಕಾಗಲಿಲ್ಲ.

ಆಸ್ಪತ್ರೆಗಳಿಗೆ ಭಾರತದಲ್ಲಿ 1998ರಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಬಂತು; 2016ರಲ್ಲಿ ಅದನ್ನು ಹೊಸದಾಗಿ ಬರೆದರು. ಅದರಂತೆ ಸೂಜಿ, ಬ್ಲೇಡು, ಚುಚ್ಚುವ ಕೊಯ್ಯುವ ಎಲ್ಲ ಲೋಹ ಬಿಳಿ ಡಬ್ಬಿಗೆ; ಆ ಡಬ್ಬಿ ತೂತಾಗಬಾರದು, ಸೋರಬಾರದು, ಒಮ್ಮೆ ಮುಚ್ಚಿದರೆ ತೆರೆಯಬಾರದು. ಸೂಜಿ ಕಳಚಿದ ಸಿರಿಂಜು ಕೆಂಪು ಚೀಲಕ್ಕೆ. ಹಿಂದೆ ಕಾಂಪೌಂಡರ್ ಕೂಡಿಸುತ್ತಿದ್ದ ಜೋಡಿಗಳನ್ನು ಇಂದು ಬೇರೆ ಮಾಡುವುದೇ ಶಿಸ್ತು. ಬಿಳಿ ಡಬ್ಬಿಯ ಸರಕನ್ನು ಉಗಿಯ ಒತ್ತಡದಲ್ಲಿ ಇಲ್ಲವೇ ಒಣ ಶಾಖದಲ್ಲಿ ಶುದ್ಧಮಾಡಿ, ಆಮೇಲೆ ಚೂರು ಮಾಡುತ್ತಾರೆ ಅಥವಾ ಕಾಂಕ್ರೀಟಿನಲ್ಲಿ ಹುದುಗಿಸುತ್ತಾರೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಎಂಬುದು ಈ ಶಾಸ್ತ್ರದ ಮೊದಲ ಪಾಠ. ಹಾಕಹೋದಾಗಲೇ ಬೆರಳಿಗೆ ಚುಚ್ಚುವುದು ಹೆಚ್ಚು. ಸೋಂಕಿರುವವರ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ 1000ಕ್ಕೆ ಸುಮಾರು 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವುದು 100ಕ್ಕೆ 6ರಿಂದ 30. ಚುಚ್ಚಿದ ಜಾಗವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರುಮಾಡಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಆಸ್ಪತ್ರೆಯ ಸೂಜಿಗೆ ಬಣ್ಣ ಸಿಕ್ಕಿತು. ಮನೆಯ ಸೂಜಿ ಅಡುಗೆಮನೆಯ ಕಸದಲ್ಲೇ ಉಳಿಯಿತು. ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುವವರು ಪ್ರತಿಸಲ ಹೊಸ ಸೂಜಿ ಬಳಸಿದರೆ ವರ್ಷಕ್ಕೆ 730 ಸೂಜಿ. ಅಜ್ಜನ ಕಾಯಿಲೆಯನ್ನು ಆಸ್ತಿಯಂತೆ ಪಡೆದ ಈ ಲೇಖಕನ ಲೆಕ್ಕವೂ ಅದೇ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ ಸಿರಿಂಜುಗಳನ್ನು ಅಪಾಯಕಾರಿ ಗೃಹತ್ಯಾಜ್ಯದಲ್ಲಿ ಸೇರಿಸಿ, ಬೇರೆಯಾಗಿ ಕೊಡಲು ಹೇಳಿದವು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ. ಫಿನಾಯಿಲಿನದೋ ಬಟ್ಟೆ ಒಗೆಯುವ ದ್ರಾವಣದ್ದೋ ದಪ್ಪ ಪ್ಲಾಸ್ಟಿಕ್ ಬಾಟಲಿಯೊಂದನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು. ನೀರಿನ ಬಾಟಲಿ ತೆಳು, ಗಾಜು ಒಡೆಯುತ್ತದೆ, ಎರಡೂ ಬೇಡ. ಸೂಜಿ ಚುಚ್ಚಿಕೊಂಡ ಕೂಡಲೇ ಅದರೊಳಗೆ ಹಾಕಬೇಕು. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಟೇಪು ಸುತ್ತಿ, ಮೇಲೆ ದೊಡ್ಡದಾಗಿ "ಸೂಜಿ ಇದೆ" ಎಂದು ಬರೆದು, ತೆಗೆದುಕೊಳ್ಳುವ ಆಸ್ಪತ್ರೆಗೋ ಔಷಧದಂಗಡಿಗೋ ಪಾಲಿಕೆಯ ಸಂಗ್ರಹಕ್ಕೋ ಹೇಳಿ ಕೊಡಬೇಕು. ಸುಡುವುದು, ಹೂಳುವುದು, ಶೌಚಾಲಯಕ್ಕೆ ಹಾಕುವುದು ಕೂಡದು. ಈ ಲೇಖಕನ ಬೀದಿಯಲ್ಲಿ ಕಸ ಒಯ್ಯುವಾಕೆ ಚೀಲ ಎತ್ತುವ ಮೊದಲು ಕಾಲಿನಿಂದ ಒಮ್ಮೆ ಅಲ್ಲಾಡಿಸಿ ನೋಡುತ್ತಾಳೆ. ಆ ಅಭ್ಯಾಸ ಆಕೆಗೆ ಯಾವುದೋ ಮನೆಯ ಸೂಜಿ ಕಲಿಸಿದ್ದು.

ನಿಯಮದಂತೆ ಔಷಧದ ಗಾಜು ನೀಲಿ ಗುರುತಿನ ಪೆಟ್ಟಿಗೆಗೆ. 417ನೇ ಸಂಖ್ಯೆಯ ಪಿಸ್ಟನ್ ಮಾತ್ರ ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಇದೆ.