ಅರಳುಮರಳು ಮತ್ತು ರಕ್ತನಾಳ

ಅರುವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ವಯಸ್ಸಾದವರು ತಡವರಿಸಿದೊಡನೆ ಯಾರೂ ಕಾರಣವನ್ನು ಹುಡುಕುವುದಿಲ್ಲ. ವಯಸ್ಸೇ ಕಾರಣವೆಂದು ಸುಮ್ಮನಾಗುತ್ತಾರೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಕಲಿಸಿದವನು ನಾನು. ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಮಕ್ಕಳಿಗೆ ಹೇಳುತ್ತ ಬಂದ ನನಗೆ ಈ ಗಾದೆಯ ಮೇಲೆ ಒಂದು ತಕರಾರಿದೆ. ಅದನ್ನು ಇಂದು ಓದುಗ ಮಿತ್ರರ ಮುಂದಿಡುತ್ತೇನೆ.

ನನ್ನ ಅಣ್ಣ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುತ್ತಿದ್ದು, ನಿವೃತ್ತನಾಗಿ ಶಹಾಬಾದಿನಲ್ಲಿ ನೆಲೆಸಿದವನು. ನೂರಾರು ಜನರ ಹೆಸರು, ಪಾಳಿ, ರಜೆಗಳು ಅವನ ನಾಲಗೆಯ ತುದಿಯಲ್ಲಿದ್ದವು. 2018ರ ಸುಮಾರಿಗೆ ಅವನಲ್ಲೊಂದು ಬದಲಾವಣೆ ಕಾಣಿಸಿತು. ತಿಂಗಳ ಹಾಲಿನ ಲೆಕ್ಕಕ್ಕೆ ಒಂದು ಗಂಟೆ ಹಿಡಿಯತೊಡಗಿತು. ಹೆಜ್ಜೆಗಳು ಚಿಕ್ಕವಾದವು. ಸಣ್ಣ ಮಾತಿಗೂ ಕಣ್ಣಲ್ಲಿ ನೀರು ಬರುತ್ತಿತ್ತು. ಓಣಿಯವರು ಗಾದೆಯನ್ನು ನೆನಪಿಸಿದರು. ಮಕ್ಕಳು ಬ್ಯಾಂಕಿನ ಪುಸ್ತಕವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುವ ಮಾತಾಡಿದರು. ಒಪ್ಪದವರು ವೈನಿಯೊಬ್ಬರೇ. “ಇವರಿಗಿ ಮರವಿಲ್ಲ ತಮ್ಮಾ, ಎಲ್ಲಾ ನೆಪ್ಪದ. ಒಂದು ಕೆಲಸ ಎಲ್ಲಿಂದ ಸುರು ಮಾಡಬೇಕಂತ ತಿಳಿವಲ್ದು” ಎಂದರು. ಶಾಲೆಯ ಮೆಟ್ಟಿಲು ಹತ್ತದ ಆಕೆಯ ಈ ಮಾತು ಎಷ್ಟು ಖಚಿತವಾಗಿತ್ತೆಂಬುದು ಮುಂದೆ ತಿಳಿಯಿತು.

ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ವಾಡಿಯಲ್ಲಿ ರೈಲು ಹಿಡಿದು ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ದಾಟಿ ಅಲ್ಲಿಗೆ ಹೋದೆವು. ನರರೋಗ ತಜ್ಞರು ಮೊದಲು ಅಣ್ಣನೊಡನೆ ಅರ್ಧ ಗಂಟೆ ಮಾತಾಡಿದರು. ಐದು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಅವನಿಗೆ ಹೊಳೆದವು ಎರಡು. ‘ಒಂದು ಹಣ್ಣು, ಒಂದು ಪ್ರಾಣಿ’ ಎಂದು ಸುಳಿವು ಕೊಟ್ಟೊಡನೆ ಉಳಿದವೂ ಬಂದವು. ಆದರೆ ನೂರರಿಂದ ಏಳೇಳನ್ನು ಕಳೆಯುತ್ತ ಹೋಗಲು ಹೇಳಿದಾಗ ಎರಡನೆಯ ಹೆಜ್ಜೆಗೇ ನಿಂತುಬಿಟ್ಟ. ಅನಂತರ ಎಂ.ಆರ್.ಐ. ಆಯಿತು.

ಈ ಯಂತ್ರದಲ್ಲಿ ಕ್ಷ-ಕಿರಣವಿಲ್ಲ. ಪ್ರಬಲ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ಅದು ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗಳ ಸುದ್ದಿಯನ್ನು ಸಂಗ್ರಹಿಸಿ ಚಿತ್ರವಾಗಿಸುತ್ತದೆ. ಮಿದುಳಿನ ಒಳಭಾಗದ ಬಿಳಿಯ ವಸ್ತುವೆಂದರೆ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ತಂತಿಗಳ ಕಟ್ಟು. ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಹಾನಿಗೊಂಡ ಬಿಳಿಯ ವಸ್ತು ಹೊಳೆಯುವ ಕಲೆಗಳಾಗಿ ಕಾಣುತ್ತದೆ. ಅಣ್ಣನ ಚಿತ್ರದಲ್ಲಿ ಅಂಥ ಕಲೆಗಳು ಒಂದರೊಳಗೊಂದು ಸೇರಿಕೊಂಡಿದ್ದವು. ನಡುನಡುವೆ ಜೋಳದ ಕಾಳಿನಷ್ಟು ಗುಳಿಗಳಿದ್ದವು. 3ರಿಂದ 15 ಮಿಲಿಮೀಟರಿನ ಇಂಥ ಗುಳಿಗಳನ್ನು ಲಕ್ಯೂನ್ ಎನ್ನುತ್ತಾರೆ. ಅವನಿಗೆ ಲಕ್ವ ಹೊಡೆದದ್ದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಸದ್ದಿಲ್ಲದೆ ಹಲವು ಸಲ ಹೊಡೆದಿತ್ತು.

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಕಾಲುವೆಯನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸುವುದು ಸುಲಭ. ಕಾಲುವೆಯ ತಲೆಯ ಹೊಲಕ್ಕೆ ನೀರು ಧಾರಾಳ. ನಡುವೆ ಹೂಳು ತುಂಬಿದರೆ ಮೊದಲು ಒಣಗುವುದು ಕಟ್ಟಕಡೆಯ ಹೊಲ. ಮಿದುಳಿನ ಆಳಕ್ಕೆ ಹೋಗುವ ರಕ್ತನಾಳಗಳು ಕೂದಲಿನಂತೆ ಸಣ್ಣವು. ವರ್ಷಗಟ್ಟಲೆ ಏರಿದ ರಕ್ತದೊತ್ತಡ ಅವುಗಳ ಗೋಡೆಯನ್ನು ದಪ್ಪವಾಗಿಸಿ ದಾರಿಯನ್ನು ಕಿರಿದಾಗಿಸುತ್ತದೆ. ಸಕ್ಕರೆ ಕಾಯಿಲೆ, ಬೀಡಿ-ತಂಬಾಕುಗಳು ಅದಕ್ಕೆ ಕೈಜೋಡಿಸುತ್ತವೆ. ತಂತಿ ಕಡಿದಾಗ ನೆನಪಿನ ಉಗ್ರಾಣಕ್ಕಿಂತ ಮೊದಲು ಕೆಡುವುದು ಕೆಲಸವನ್ನು ಯೋಜಿಸುವ, ಕ್ರಮವಾಗಿ ನಡೆಸುವ ಶಕ್ತಿ. ವೈನಿ ಹೇಳಿದ್ದು ಇದನ್ನೇ.

ಈ ತಿಳಿವು ಬಂದದ್ದು ನಿಧಾನವಾಗಿ. 1894ರಲ್ಲಿ ಜರ್ಮನಿಯ ಬಿನ್ಸ್‌ವಾಂಗರ್ ಬಿಳಿಯ ವಸ್ತುವಿನ ಇಂಥ ಕಾಯಿಲೆಯನ್ನು ವರ್ಣಿಸಿದಾಗ ಅದನ್ನು ನೋಡಲು ರೋಗಿ ಸಾಯಬೇಕಿತ್ತು. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಬದುಕಿರುವವರ ಮಿದುಳನ್ನು ತೋರಿಸಿತು. 1974ರಲ್ಲಿ ಹಾಚಿನ್ಸ್ಕಿ ಮತ್ತು ಸಂಗಡಿಗರು, ರಕ್ತನಾಳದಿಂದಾಗುವ ಬುದ್ಧಿಮಾಂದ್ಯಕ್ಕೆ ಅನೇಕ ಸಣ್ಣ ಸಣ್ಣ ಆಘಾತಗಳು ಕಾರಣವೆಂದು ವಾದಿಸಿದರು. ಎಂ.ಆರ್.ಐ. ಬಂದ ಮೇಲೆ ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳೂ ಕಾಣಿಸತೊಡಗಿದವು.

ಆದರೂ ಚಿತ್ರವೇ ಎಲ್ಲವನ್ನೂ ಹೇಳುವುದಿಲ್ಲ. ಯಾವ ತೊಂದರೆಯೂ ಇಲ್ಲದ ಅನೇಕ ವೃದ್ಧರಲ್ಲಿಯೂ ಬಿಳಿಯ ಕಲೆಗಳಿರುತ್ತವೆ. ಚಿತ್ರವನ್ನು ಮನುಷ್ಯನ ಜೊತೆಗಿಟ್ಟೇ ಓದಬೇಕು. ಅದಕ್ಕಾಗಿ ಅವನ ಭಾಷೆಯಲ್ಲಿ ಪರೀಕ್ಷೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದಲ್ಲಿಯೂ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು ದೀರ್ಘಕಾಲದ ಅಧ್ಯಯನ ಕೈಗೊಂಡಿದೆ. ಅದರಲ್ಲಿ ರಕ್ತಪರೀಕ್ಷೆ, ಬುದ್ಧಿಶಕ್ತಿಯ ಪರೀಕ್ಷೆ, ಎಂ.ಆರ್.ಐ. ಎಲ್ಲವೂ ಸೇರಿವೆ. ಜಗತ್ತಿಗೆ ಇದುವರೆಗೆ ಗೊತ್ತಿರುವುದು ಹೆಚ್ಚಾಗಿ ಪಾಶ್ಚಾತ್ಯರ, ಓದುಬಲ್ಲವರ ಮಿದುಳು. ನಮ್ಮ ರೈತರ, ಗಣಿ ಕಾರ್ಮಿಕರ ಮಿದುಳನ್ನು ನಾವೇ ಅಳೆಯಬೇಕಲ್ಲವೆ?

ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನಡೆಸಿದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. 2016ರಲ್ಲಿ ಪ್ರಕಟವಾದ ಅದರಲ್ಲಿ ಲಕ್ವ ಹೊಡೆದ 608 ಜನರನ್ನು ನೋಡಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇಕಡ 40ರಷ್ಟು ಜನರ ಬುದ್ಧಿಶಕ್ತಿ ಸಹಜವಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಈ ಪ್ರಮಾಣ ಶೇಕಡ 20ರಷ್ಟು ಮಾತ್ರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಗಡಿ ದಾಟಿದರೆ ತೆಲುಗು ಆಡುವ ಸೇಡಂ-ಚಿಂಚೋಳಿಯ ಜನರಿಗೆ ಇದು ಸಮಾಧಾನದ ಸುದ್ದಿ. ಆದರೆ ಭಾಷೆ ನಾಳದ ಹೂಳನ್ನು ತೆಗೆಯಲಾರದು.

ಹೂಳು ತುಂಬದಂತೆ ನೋಡಿಕೊಳ್ಳುವ ದಾರಿಯೂ ಇದೆ. ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಸ್ಪ್ರಿಂಟ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಮೇಲಿನ ಒತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯಿದ್ದವರಲ್ಲಿ ಅಲ್ಪ ಪ್ರಮಾಣದ ಬುದ್ಧಿಕುಂದು ಕಡಿಮೆಯಾಗಿತ್ತು. ಎಂ.ಆರ್.ಐ.ನಲ್ಲಿ ಬಿಳಿಯ ಕಲೆಗಳೂ ಕಡಿಮೆ ಬೆಳೆದಿದ್ದವು. ಎಲ್ಲರಿಗೂ 120 ಸರಿಯೆಂದಲ್ಲ, ಅದನ್ನು ವೈದ್ಯರು ನಿರ್ಧರಿಸಬೇಕು.

ಹಳೆಯ ಕಲೆ ಅಳಿಸದು, ಹೊಸದನ್ನು ತಡೆಯಬಹುದು ಎಂದು ತಜ್ಞರು ಅಣ್ಣನಿಗೆ ಹೇಳಿದ್ದರು. ಅವನು ಮಾತ್ರೆಯನ್ನು ತಪ್ಪಿಸಲಿಲ್ಲ. ಬೀಡಿ ಬಿಟ್ಟ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ ಹೋಯಿತು, ಶೇಂಗಾ ಹಿಂಡಿಯಲ್ಲಿ ಉಪ್ಪು ಇಳಿಯಿತು. ಚಿತ್ರವನ್ನು ಕಂಡ ಮೇಲೆ ಮಕ್ಕಳೂ ಬದಲಾದರು. ಅಪ್ಪ ಮೊಂಡನೂ ಅಲ್ಲ, ಮರುಳನೂ ಅಲ್ಲ ಎಂದು ಅವರಿಗೆ ಅರಿವಾಯಿತು. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾರೆ, ಮುಗಿಯುವವರೆಗೆ ಕಾಯುತ್ತಾರೆ. 2022ರ ಚಿತ್ರದಲ್ಲಿ ಹೊಸ ಗುಳಿಗಳಿರಲಿಲ್ಲ. ನಡಿಗೆ ಇಂದಿಗೂ ನಿಧಾನ. ಬ್ಯಾಂಕಿನ ಪುಸ್ತಕ ಅವನ ಬಳಿಯೇ ಇದೆ.

ಎಂ.ಆರ್.ಐ. ದುಬಾರಿ, ಎಲ್ಲರಿಗೂ ಅದರ ಅಗತ್ಯವೂ ಇಲ್ಲ. ರಕ್ತದೊತ್ತಡ ನೋಡುವ ಪಟ್ಟಿ ಮಾತ್ರ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆ, ಮೂವತ್ತು ದಾಟಿದವರಿಗೆ ಅಲ್ಲಿ ತಪಾಸಣೆ ಉಚಿತ. ಈ ಬರೆಹವನ್ನು ಓದಿದ ನನ್ನ ಹಳೆಯ ವಿದ್ಯಾರ್ಥಿಗಳು ಈ ವಾರ ಅಪ್ಪ ಅವ್ವನನ್ನು ಅಲ್ಲಿಗೆ ಕರೆದೊಯ್ಯಲಿ. ತಮ್ಮ ತೋಳನ್ನೂ ಮುಂದೆ ಚಾಚಲಿ.