ವೇದಾಂತದ ಒಂದನೇ ಕ್ಲಾಸು

ತತ್ತ್ವಬೋಧದ ತರಗತಿ. ಮೊದಲ ದಿನದ ಪಾಠವೇ ಈ ಪಾಠ ಕೇಳಲು ಅಧಿಕಾರಿ ಯಾರು ಎಂಬುದು. ನಿತ್ಯಾನಿತ್ಯಗಳ ವಿವೇಕ ಇರಬೇಕು. ಇಹದ ಭೋಗ, ಪರದ ಭೋಗ ಎರಡರಲ್ಲೂ ವೈರಾಗ್ಯ ಇರಬೇಕು. ಶಮ, ದಮ, ಉಪರಮ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂಬ ಆರು ಸಂಪತ್ತು ಬೇಕು. ಕೊನೆಗೆ ಬಿಡುಗಡೆಯ ತೀವ್ರ ಬಯಕೆ, ಮುಮುಕ್ಷುತ್ವ. ಇಷ್ಟೆಲ್ಲ ಇರುವವರಿಗೆ ಇನ್ನು ಪಾಠ ಯಾಕೆ? ಇದ್ಯಾವುದೂ ಇಲ್ಲದ ನಾವಂತೂ ಯಾರೂ ಎದ್ದು ಹೋಗಲಿಲ್ಲ. ಶೀತೋಷ್ಣಗಳನ್ನು ಗೊಣಗದೆ ತಾಳಿಕೊಳ್ಳುವುದೇ ತಿತಿಕ್ಷೆ ಎಂದು ಗುರುಗಳು ಹೇಳುತ್ತಿರುವಾಗಲೇ ಕಿಟಕಿ ಪಕ್ಕದವರೊಬ್ಬರು ಎದ್ದು ಫ್ಯಾನಿನ ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಶಾಲು ಹೊದ್ದ ಅಜ್ಜಿಯೊಬ್ಬರು ಅದನ್ನು ಎರಡಕ್ಕೆ ಇಳಿಸಿ ಬಂದು ಕೂತರು.

*

ಹೊಸಬರ ಕೈಗೆ ಸಾಮಾನ್ಯವಾಗಿ ಬರುವುದು ತತ್ತ್ವಬೋಧ, ಇಲ್ಲವೇ ವಿವೇಕಚೂಡಾಮಣಿ. ಎರಡರ ಮೇಲೂ ಶಂಕರಾಚಾರ್ಯರ ಹೆಸರಿದೆ. ಅವು ಅವರವೇ ಹೌದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬ್ರಹ್ಮಸೂತ್ರಭಾಷ್ಯ, ಉಪದೇಶಸಾಹಸ್ರಿಗಳ ವಿಷಯದಲ್ಲಿ ಆ ತಕರಾರಿಲ್ಲ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975) ಜೀವಮಾನವಿಡೀ ಹಠ ಹಿಡಿದದ್ದೂ ಇಲ್ಲಿಯೇ: ಶಂಕರರು ಬೇಕಾದರೆ ಶಂಕರರ ಭಾಷ್ಯವನ್ನೇ ಓದಿ, ಆಮೇಲಿನ ವ್ಯಾಖ್ಯಾನಕಾರರನ್ನು ನೆಚ್ಚಿಕೊಂಡು ಓದಬೇಡಿ. ಸನ್ಯಾಸಕ್ಕೆ ಮೊದಲು, ಇನ್ನೂ ಸುಬ್ಬರಾಯರಾಗಿದ್ದಾಗ, 1920ರಲ್ಲಿ, ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶುರುಮಾಡಿ ಭಾಷ್ಯಗಳನ್ನು ಕನ್ನಡಕ್ಕೆ ತಂದರು. 1929ರಲ್ಲಿ ‘ಮೂಲಾವಿದ್ಯಾನಿರಾಸ’ ಬರೆದು ಪಂಡಿತರನ್ನು ಎದುರುಹಾಕಿಕೊಂಡರು.

ಭಾಷ್ಯ ಎಂದರೆ ನಮಗೆ ಭಯ. ಅದು ದೊಡ್ಡವರಿಗೆ, ನಮಗೆ ಚಿಕ್ಕ ಪುಸ್ತಕ ಸಾಕು ಅಂತ. ಬ್ರಹ್ಮಸೂತ್ರಭಾಷ್ಯದ ಕನ್ನಡ ಅನುವಾದ ತಂದು ಮೊದಲ ಪುಟಗಳನ್ನು ನೋಡಿದೆ. ಸೂತ್ರಕ್ಕೆ ಕೈಹಾಕುವ ಮೊದಲೇ ಶಂಕರರು ನಾವು ದಿನಾ ಆಡುವ ‘ನಾನು’, ‘ನನ್ನದು’ ಎಂಬ ಮಾತುಗಳನ್ನು ಹಿಡಿದುಕೊಂಡಿದ್ದಾರೆ. ಒಂದರ ಮೇಲೆ ಇನ್ನೊಂದನ್ನು ಹೇರುವ ಈ ಗೊಂದಲವೇ ಅಧ್ಯಾಸ. ಪಂಡಿತನೂ ಇದಕ್ಕೆ ಹೊರತಲ್ಲ. ಅದಕ್ಕೆ ಅವರು ಕೊಡುವ ಸಾಕ್ಷಿ ಹಸುವಿನ ಹಟ್ಟಿಯದು. ಕೋಲೆತ್ತಿದವನನ್ನು ಕಂಡರೆ ದನ ಹಿಂದೆ ಸರಿಯುತ್ತದೆ, ಹಸಿಹುಲ್ಲು ಹಿಡಿದವನ ಕಡೆಗೆ ಬರುತ್ತದೆ. ಬುದ್ಧಿವಂತ ಮನುಷ್ಯನ ವ್ಯವಹಾರವೂ ಅದೇ ರೀತಿಯದು. ಇದಕ್ಕೆ ಯಾವ ಪೂರ್ವಸಿದ್ಧತೆ ಬೇಕು? ‘ಸುಲಭ’ ಎನ್ನುವ ತತ್ತ್ವಬೋಧದಲ್ಲಾದರೆ ಮೂರು ಶರೀರ, ಐದು ಕೋಶ, ಇಪ್ಪತ್ನಾಲ್ಕು ತತ್ತ್ವ, ಪಂಚೀಕರಣ ಎಲ್ಲವನ್ನೂ ಬಾಯಿಪಾಠ ಮಾಡಬೇಕು. ಹೊಸಬರಿಗೆಂದು ಇಟ್ಟದ್ದೇ ಕಬ್ಬಿಣದ ಕಡಲೆ, ದೊಡ್ಡವರಿಗೆಂದು ತೆಗೆದಿಟ್ಟದ್ದರ ಬಾಗಿಲಲ್ಲಿ ಹಸು. ಈ ಅದಲುಬದಲು ಯಾರು ಮಾಡಿದರೋ!

*

ಮಾಧ್ವರ ಮನೆಯ ಹುಡುಗನಾದರೆ ಮೊದಲ ಪುಸ್ತಕ ‘ತತ್ತ್ವಸಂಖ್ಯಾನ’ ಆಗಿರಬಹುದು. ಹನ್ನೊಂದೇ ಶ್ಲೋಕ. ತತ್ತ್ವ ಎರಡು, ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರ ವಿಷ್ಣು ಒಬ್ಬನೇ, ಉಳಿದದ್ದರ ವಿಂಗಡಣೆ ಮುಂದೆ. ಒಂದು ಕಡೆ ‘ನಾನು ಯಾರು’ ಎಂಬ ಅನುಮಾನದಿಂದ ಶುರು, ಇನ್ನೊಂದು ಕಡೆ ಏನೇನಿದೆ ಎಂಬ ಲೆಕ್ಕದಿಂದ ಶುರು. ನಮ್ಮ ಊರುಗಳಲ್ಲಿ ಯಾವ ಸಭಾಂಗಣ ಮನೆಗೆ ಹತ್ತಿರವೋ ಅದರ ಮೇಲೆ ಒಬ್ಬನ ಸಿದ್ಧಾಂತ ನಿಂತಿರುತ್ತದೆ ಎಂದರೆ ತಪ್ಪಾಗಲಾರದು. (ಗುರುಗಳ ಮುಂದೆ ಇದನ್ನು ಹೇಳಲಿಲ್ಲ.)

*

ಕನ್ನಡ ಸುಲಿದ ಬಾಳೆಹಣ್ಣಿನ ಹಾಗೆ ಸುಲಭ ಎಂಬ ಮಾತು ರಾಜ್ಯೋತ್ಸವದ ವೇದಿಕೆಯಲ್ಲಿ ಎಷ್ಟು ಸಲ ಕೇಳಿಲ್ಲ! ಆ ಪದ್ಯ ಇರುವುದು 17ನೇ ಶತಮಾನದ ಮಹಲಿಂಗರಂಗ ಬರೆದ ‘ಅನುಭವಾಮೃತ’ ಎಂಬ ಅದ್ವೈತ ಗ್ರಂಥದಲ್ಲಿ. ಮೋಕ್ಷದ ದಾರಿ ಕನ್ನಡದಲ್ಲೇ ತಿಳಿಯುವಾಗ ಸಂಸ್ಕೃತದ ಹಂಗೇಕೆ ಎಂದು ಅವನ ವಾದ. ನಾವು ಸಿಪ್ಪೆ ಸುಲಿದ ಹಣ್ಣನ್ನು ಮೆರವಣಿಗೆ ಮಾಡಿ, ತಿನ್ನದೆ ಇಟ್ಟಿದ್ದೇವೆ.

ಇನ್ನೊಂದು ಸೋಜಿಗ. ನಿಜಗುಣ ಶಿವಯೋಗಿಗಳು ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದವರು. ಕನ್ನಡದಲ್ಲೇ ಬರೆದ ಅವರ ಶಾಸ್ತ್ರವನ್ನು ಓದಿಸಿ, ಅರ್ಥ ಹೇಳಿ, ಅಕ್ಷರ ಬಾರದವರಿಗೂ ವೇದಾಂತ ಮುಟ್ಟಿಸಿದ್ದು ದೂರದ ಹುಬ್ಬಳ್ಳಿಯ ಸಿದ್ಧಾರೂಢರು (1836–1929). ಅಲ್ಲಿ ಫ್ಯಾನೂ ಇರಲಿಲ್ಲ, ಅಧಿಕಾರಿಯ ಪಟ್ಟಿ ಹಿಡಿದು ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ ಅಂದುಕೊಳ್ಳುತ್ತೇನೆ.

*

ಅವಸ್ಥಾತ್ರಯ ಬಂತು: ಎಚ್ಚರ, ಕನಸು, ಗಾಢನಿದ್ದೆ. ಗುರುಗಳು ಕೇಳಿದರು, “ನಿನ್ನೆ ಚೆನ್ನಾಗಿ ನಿದ್ದೆ ಬಂತಾ?” ಅರ್ಧ ಕ್ಲಾಸು ತಲೆಯಾಡಿಸಿತು. “ಚೆನ್ನಾಗಿ ಬಂತು ಅಂತ ಯಾರಿಗೆ ಗೊತ್ತಾಯ್ತು? ಮನಸ್ಸೂ ಇರಲಿಲ್ಲವಲ್ಲ?”

ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕೈಯೆತ್ತಿದರು. “ಎದ್ದಾಗ ಮೈ ಹಗುರ ಇತ್ತು, ಗಡಿಯಾರ ನೋಡಿದೆ, ನಿದ್ದೆ ಬಂದಿರಬೇಕು ಅಂತ ಊಹೆ ಮಾಡ್ಕೊಂಡೆ. ಅಷ್ಟೇ ಅಲ್ವಾ ಗುರುಗಳೇ?”

“ಭೇಷ್! ನೈಯಾಯಿಕರು ನಮ್ಮನ್ನು ಕೇಳಿದ್ದೂ ಇದನ್ನೇ. ಅವರು ಊಹೆ ಅಂತಾರೆ, ನಾವು ನೆನಪು ಅಂತೀವಿ. ಅನುಭವಿಸದೇ ಇದ್ದದ್ದು ನೆನಪಾಗೋದು ಹ್ಯಾಗೆ?”

ಅವರು ಬಿಡಲಿಲ್ಲ. “ಹೋದ ವರ್ಷ ನನಗೆ ಆಪರೇಷನ್ ಆಯ್ತು. ಅನಸ್ತೇಷಿಯಾ ಕೊಟ್ಟಿದ್ರು. ಎದ್ದ ಮೇಲೆ ಸುಖವಾಗಿ ಮಲಗಿದ್ದೆ ಅಂತ ಅನ್ನಿಸಲೇ ಇಲ್ಲ. ಆಗ ನಾನು ಎಲ್ಲಿದ್ದೆ?”

ಗುರುಗಳು ಒಂದು ಕ್ಷಣ ಸುಮ್ಮನಿದ್ದು, ಮೂರ್ಛೆಯ ಬಗ್ಗೆ ಬ್ರಹ್ಮಸೂತ್ರದ ಮೂರನೇ ಅಧ್ಯಾಯದಲ್ಲಿ ಪ್ರತ್ಯೇಕ ಚರ್ಚೆಯೇ ಇದೆ ಎಂದರು. ಅದು ಎಚ್ಚರವಲ್ಲ, ಕನಸಲ್ಲ, ನಿದ್ದೆಯೂ ಪೂರ್ತಿ ಅಲ್ಲ, ಅರ್ಧ ಎಂದು ಅಲ್ಲಿಯ ತೀರ್ಮಾನವಂತೆ. ತತ್ತ್ವಬೋಧ ಇನ್ನೂ ಅರ್ಧ ಮುಗಿದಿಲ್ಲ. ಆ ಮೂರನೇ ಅಧ್ಯಾಯ ಕನ್ನಡದಲ್ಲಿ ಬಿಡಿಯಾಗಿ ಸಿಗುತ್ತದಾ ಎಂದು ಹಿಂದಿನ ಸಾಲಿನಿಂದ ಶಾಲಿನ ಅಜ್ಜಿ ಕೇಳಿದರು.